ಮಗಳಿಗೆ ಸಾಕರ್ ಆಡಿಸುತ್ತೀರಿ, ಆಟ ತೋರಿಸುತ್ತೀರಾ? ಬೇ ಏರಿಯಾದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಸಾಂಟಾ ಕ್ಲಾರಾ ಕಣಿವೆ ಮತ್ತು ಸುತ್ತಲಿನ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ಸಾಕರ್ (ಫುಟ್‌ಬಾಲ್) ಆಡುವ ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರಿಗೆ ನಮಸ್ಕಾರಗಳು.

ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ಹತ್ತು-ಹನ್ನೆರಡು ವರ್ಷದ ಹುಡುಗಿಯಿರುವ ಎಷ್ಟೋ ಕನ್ನಡ ಮನೆಗಳ ಕಾರಿನ ಡಿಕ್ಕಿಯಲ್ಲಿ ಕೆಸರು ಮೆತ್ತಿದ ಕ್ಲೀಟ್ಸ್, ಶಿನ್ ಗಾರ್ಡ್, ಮಡಚುವ ಕುರ್ಚಿ ಇದ್ದೇ ಇರುತ್ತವೆ. ವಾರಕ್ಕೆ ಎರಡು ಮೂರು ಪ್ರಾಕ್ಟೀಸ್, ಶನಿವಾರ ಭಾನುವಾರ ಮ್ಯಾಚ್, ವರ್ಷಕ್ಕೆ ಸಾವಿರಾರು ಡಾಲರ್ ಕ್ಲಬ್ ಫೀಸು. ಇಷ್ಟೆಲ್ಲ ಮಾಡಿಯೂ, ತನಗಿಂತ ಎಂಟು-ಹತ್ತು ವರ್ಷ ದೊಡ್ಡವರು ಇದೇ ಆಟವನ್ನು ಹೇಗೆ ಆಡುತ್ತಾರೆ ಎಂಬುದನ್ನು ಆ ಹುಡುಗಿಯರಲ್ಲಿ ಹಲವರು ಮೈದಾನದ ಪಕ್ಕ ಕೂತು ನೋಡಿಯೇ ಇಲ್ಲ. ಸಂಗೀತ ಪಾಠಕ್ಕೆ ಹಾಕಿದ ಮಗುವನ್ನು ಕಛೇರಿಗೆ ಕರೆದುಕೊಂಡು ಹೋಗುವವರು ನಾವು. ಸಾಕರ್ ವಿಷಯದಲ್ಲಿ ಮಾತ್ರ ಬಿಟ್ಟು ಬರುವುದು, ಕರೆದುಕೊಂಡು ಹೋಗುವುದು, ಅಷ್ಟಕ್ಕೇ ನಿಂತಿದ್ದೇವೆ.

ಇದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಅಮೆರಿಕದ ಕಾಲೇಜು ಮಹಿಳಾ ಸಾಕರ್‌ನ ಎರಡು ದೊಡ್ಡ ಮನೆತನಗಳು ನಮ್ಮ ಕಣಿವೆಯಲ್ಲೇ ಇವೆ. ಸ್ಟ್ಯಾನ್‌ಫರ್ಡ್ 2011, 2017 ಮತ್ತು 2019ರಲ್ಲಿ ರಾಷ್ಟ್ರೀಯ ಚಾಂಪಿಯನ್. ಸಾಂಟಾ ಕ್ಲಾರಾ ವಿಶ್ವವಿದ್ಯಾಲಯ 2001ರಲ್ಲಿ ಗೆದ್ದಿತು. ಕೋವಿಡ್‌ನಿಂದ ಮುಂದೆ ಹೋಗಿ 2021ರ ಮೇ ತಿಂಗಳಲ್ಲಿ ಮುಗಿದ 2020ರ ಸೀಸನ್ನಿನಲ್ಲಿ ಫ್ಲಾರಿಡಾ ಸ್ಟೇಟ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮತ್ತೆ ಗೆದ್ದಿತು. 1999ರ ವಿಶ್ವಕಪ್ ಫೈನಲ್ಲಿನಲ್ಲಿ ಗೆಲುವಿನ ಪೆನಾಲ್ಟಿ ಹೊಡೆದ ಬ್ರ್ಯಾಂಡಿ ಚಾಸ್ಟೇನ್ ಸಾಂಟಾ ಕ್ಲಾರಾದಲ್ಲಿ ಓದಿದವರು. 2019ರ ಕಾಲೇಜು ಫೈನಲ್ ನಡೆದದ್ದು ಸ್ಯಾನ್ ಹೋಸೆ ವಿಮಾನ ನಿಲ್ದಾಣದ ಪಕ್ಕದ ಸ್ಟೇಡಿಯಂನಲ್ಲಿ, ಈಗಿನ ಪೇಪಾಲ್ ಪಾರ್ಕ್‌ನಲ್ಲಿ. 2021ರ ಡಿಸೆಂಬರಿನ ಫೈನಲ್ ಸಾಂಟಾ ಕ್ಲಾರಾ ಕ್ಯಾಂಪಸ್ಸಿನ ಸ್ಟೀವನ್ಸ್ ಸ್ಟೇಡಿಯಂನಲ್ಲೇ ಆಯಿತು. ಇಡೀ ದೇಶ ನಮ್ಮ ಮನೆ ಬಾಗಿಲಿಗೆ ಬಂದು ಆಡಿ ಹೋಗಿದೆ.

ಇನ್ನೊಂದು ಹೆಸರು ಹೇಳಲೇಬೇಕು: ನಯೋಮಿ ಗಿರ್ಮಾ. ಹುಟ್ಟಿ ಬೆಳೆದದ್ದು ಸ್ಯಾನ್ ಹೋಸೆಯಲ್ಲಿ. ಎಥಿಯೋಪಿಯಾದಿಂದ ಬಂದ ಅಪ್ಪ-ಅಮ್ಮನ ಮಗಳು. ಇಲ್ಲಿನ ಎಥಿಯೋಪಿಯನ್ ಕುಟುಂಬಗಳು ಸೇರಿ ಮಕ್ಕಳಿಗಾಗಿ ನಡೆಸುತ್ತಿದ್ದ ‘ಮಲೆದಾ ಸಾಕರ್’ ಎಂಬ ವಾರಾಂತ್ಯದ ಆಟದಲ್ಲಿ ಚೆಂಡು ಮುಟ್ಟಿದವಳು. ಮುಂದೆ 2019ರ ಸ್ಟ್ಯಾನ್‌ಫರ್ಡ್ ಚಾಂಪಿಯನ್ ತಂಡ, 2024ರ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ, 2025ರ ಜನವರಿಯಲ್ಲಿ ಹತ್ತು ಲಕ್ಷ ಡಾಲರ್ ದಾಟಿದ ಮೊತ್ತಕ್ಕೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್. ಅಷ್ಟು ದೊಡ್ಡ ಮೊತ್ತಕ್ಕೆ ಕ್ಲಬ್ ಬದಲಿಸಿದ ಮೊದಲ ಮಹಿಳೆ ಈಕೆಯೇ. ಇದರಲ್ಲಿ ಕೂಟದವರು ಗಮನಿಸಬೇಕಾದದ್ದು ಕೊನೆಯ ಮೊತ್ತವನ್ನಲ್ಲ, ಮೊದಲಿನ ಆ ವಾರಾಂತ್ಯದ ಆಟವನ್ನು. ನಮ್ಮಂತೆಯೇ ವಲಸೆ ಬಂದ ಒಂದು ಸಮುದಾಯ, ತನ್ನ ಹಬ್ಬ-ಊಟಗಳ ಜೊತೆಗೆ ಮಕ್ಕಳ ಸಾಕರನ್ನೂ ತನ್ನ ಕೆಲಸ ಎಂದುಕೊಂಡಿತ್ತು.

ನಮ್ಮ ಕೂಟಗಳಲ್ಲಿ ಯುಗಾದಿ, ಪಿಕ್ನಿಕ್, ಗಣೇಶ, ದಸರಾ, ರಾಜ್ಯೋತ್ಸವ ಎಲ್ಲವೂ ಚೆನ್ನಾಗಿ ನಡೆಯುತ್ತವೆ. ಕ್ರೀಡೆ ಎಂದರೆ ಮಾತ್ರ ಗಂಡಸರ ಕ್ರಿಕೆಟ್, ಹೆಂಗಸರಿಗೆ ಥ್ರೋಬಾಲ್, ಮಕ್ಕಳಿಗೆ ಲೆಮನ್-ಸ್ಪೂನ್. ನಮ್ಮ ಬೇಡಿಕೆ ದೊಡ್ಡದೇನಲ್ಲ: ವರ್ಷದ ಕಾರ್ಯಕ್ರಮಗಳ ಪಟ್ಟಿಯಲ್ಲಿ ಕಾಲೇಜು ಮಹಿಳಾ ಸಾಕರ್‌ನ ಒಂದು ಸಂಜೆ ಸೇರಲಿ. ಹಾಲ್ ಬಾಡಿಗೆ ಇಲ್ಲ, ಕೇಟರಿಂಗ್ ಇಲ್ಲ, ಮೈಕ್ ಸೆಟ್ಟಿನವರ ಹಿಂದೆ ಬೀಳುವುದಿಲ್ಲ.

ದಿನ ಹೇಗೆ ಆರಿಸಬೇಕು ಎಂಬುದನ್ನು ಮೊದಲು ನೋಡೋಣ. ಸೀಸನ್ ಆಗಸ್ಟ್ ನಡುವಿನಲ್ಲಿ ಶುರುವಾಗಿ ನವೆಂಬರ್ ಮೊದಲ ವಾರದವರೆಗೆ ನಡೆಯುತ್ತದೆ. ಆಮೇಲೆ 64 ತಂಡಗಳ ರಾಷ್ಟ್ರೀಯ ಟೂರ್ನಮೆಂಟ್, ಡಿಸೆಂಬರ್ ಆರಂಭದಲ್ಲಿ ಫೈನಲ್. ಮ್ಯಾಚುಗಳು ಹೆಚ್ಚಾಗಿ ಗುರುವಾರ ಸಂಜೆ, ಇಲ್ಲವೇ ಭಾನುವಾರ ಮಧ್ಯಾಹ್ನ. ಭಾನುವಾರ ಬೇಡ. ಮಕ್ಕಳು ಅವರವರ ಮ್ಯಾಚ್ ಮುಗಿಸಿ ಸುಸ್ತಾಗಿರುತ್ತಾರೆ, ಆಗಸ್ಟಿನ ಮಧ್ಯಾಹ್ನದ ಬಿಸಿಲಿಗೆ ಬ್ಲೀಚರಿನ ಮೇಲೆ ಕೂರುವುದೂ ಕಷ್ಟ. ಸೆಪ್ಟೆಂಬರ್ ಕೊನೆಯ ಅಥವಾ ಅಕ್ಟೋಬರ್ ಮೊದಲ ಗುರುವಾರ ಒಳ್ಳೆಯದು, ಏಕೆಂದರೆ ಆ ಹೊತ್ತಿಗೆ ತಂಡಗಳು ತಮ್ಮ ಕಾನ್ಫರೆನ್ಸಿನೊಳಗಿನ (ಕಾಲೇಜುಗಳ ಲೀಗ್ ಗುಂಪಿನೊಳಗಿನ) ಎದುರಾಳಿಗಳ ಜೊತೆ ಆಡುತ್ತಿರುತ್ತವೆ, ಆಟಕ್ಕೆ ಬಿಸಿ ಏರಿರುತ್ತದೆ. ಸ್ಟ್ಯಾನ್‌ಫರ್ಡ್ 2024ರಿಂದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ ಸೇರಿದೆ. ಆಟಗಾರ್ತಿಯರಿಗೆ ಅದು ವಿಪರೀತ ವಿಮಾನ ಪ್ರಯಾಣ, ನಮಗೆ ಮಾತ್ರ ಲಾಭ. 22 ಸಲ ರಾಷ್ಟ್ರೀಯ ಚಾಂಪಿಯನ್ ಆದ ನಾರ್ತ್ ಕ್ಯಾರೊಲೈನಾ ಈಗ ಅದೇ ಕಾನ್ಫರೆನ್ಸಿನ ಎದುರಾಳಿ. ನವರಾತ್ರಿ ಆ ವರ್ಷ ಯಾವಾಗ ಬರುತ್ತದೆ ಎಂದು ಮಾತ್ರ ನೋಡಿಕೊಳ್ಳಿ, ಬೊಂಬೆ ಕೂರಿಸಿದ ಮನೆಯವರು ಸಂಜೆ ಹೊರಗೆ ಬರುವುದು ಸುಳ್ಳು.

‘ಮಾರನೇ ದಿನ ಸ್ಕೂಲಿದೆ’ ಎಂಬ ಮಾತು ಬಂದೇ ಬರುತ್ತದೆ. ಏಳಕ್ಕೆ ಶುರುವಾದ ಮ್ಯಾಚು ಒಂಬತ್ತರ ಒಳಗೆ ಮುಗಿಯುತ್ತದೆ. 45 ನಿಮಿಷದ ಎರಡು ಭಾಗ, ನಡುವೆ 15 ನಿಮಿಷ ಬಿಡುವು. ಲೀಗ್ ಹಂತದಲ್ಲಿ ಸಮವಾದರೆ ಸಮವೇ. 2022ರಿಂದ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ.

ಟಿಕೆಟ್ ಫೋನಿನಲ್ಲೇ ಬರುತ್ತದೆ. ಗೇಟಿನ ಮುಂದೆ ನಿಂತು ಡೌನ್‌ಲೋಡ್ ಮಾಡಲು ಹೊರಟರೆ ಹಿಂದಿನವರು ಶಪಿಸುತ್ತಾರೆ, ಮನೆಯಲ್ಲೇ ಮಾಡಿಕೊಳ್ಳಿ. ಬ್ಯಾಗಿನ ನಿಯಮವನ್ನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಪುಟದಲ್ಲಿ ಓದಿಕೊಂಡೇ ಹೊರಡಿ. ಅಮೆರಿಕದ ಹೆಚ್ಚಿನ ಸ್ಟೇಡಿಯಂಗಳಲ್ಲಿ ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲ, ಅದೂ 12 ಇಂಚು ಉದ್ದ, 6 ಇಂಚು ಅಗಲ, 12 ಇಂಚು ಎತ್ತರದೊಳಗೆ ಇದ್ದರೆ ಮಾತ್ರ ಬಿಡುತ್ತಾರೆ. ಪುಳಿಯೋಗರೆ ಡಬ್ಬಿ ಗೇಟಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು, ಆದ್ದರಿಂದ ಊಟ ಪಾರ್ಕಿಂಗಿನಲ್ಲೇ ಮುಗಿಸಿ. ಚಪಾತಿ ರೋಲ್ ಆದರೆ ಕೈ ತೊಳೆಯುವ ರಗಳೆಯೂ ಇಲ್ಲ. ಗುರುವಾರ ಸಂಜೆ 880 ಮತ್ತು 101 ಹೆದ್ದಾರಿಗಳು ಹೇಗಿರುತ್ತವೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಫ್ರೀಮಾಂಟ್‌ನವರು ಐದಕ್ಕೇ ಹೊರಡಿ. ಸಾಂಟಾ ಕ್ಲಾರಾ ಮ್ಯಾಚಿಗಾದರೆ ಕ್ಯಾಲ್‌ಟ್ರೇನ್ ಸ್ಟೇಷನ್ ಎಲ್ ಕಮೀನೊ ರಸ್ತೆಯ ಆಚೆಗೇ ಇದೆ. ಸನಿವೇಲ್, ಮೌಂಟನ್ ವ್ಯೂ ಕಡೆಯವರು ಕಾರು ಬಿಟ್ಟೇ ಬರಬಹುದು, ವಾಪಸ್ ರೈಲಿನ ಸಮಯ ನೋಡಿಟ್ಟುಕೊಂಡರೆ ಸಾಕು.

ಊರಿಂದ ಬಂದ ಅಜ್ಜ-ಅಜ್ಜಿಯನ್ನು ಕರೆತರುವವರು ಸ್ವೆಟರ್ ಮತ್ತು ಕೂರಲು ಒಂದು ದಿಂಬು ಮರೆಯಬೇಡಿ. ಮಧ್ಯಾಹ್ನ ಸುಡುವ ಬಿಸಿಲಿದ್ದರೂ ಸೂರ್ಯ ಮುಳುಗಿದ ಅರ್ಧ ಗಂಟೆಗೆ ಇಲ್ಲಿ ಚಳಿ ಇಳಿಯುತ್ತದೆ, ಅಲ್ಯೂಮಿನಿಯಂ ಬೆಂಚು ಅದಕ್ಕಿಂತ ಬೇಗ ತಣ್ಣಗಾಗುತ್ತದೆ. ಮುಳುಗುವ ಸೂರ್ಯ ಕಣ್ಣಿಗೆ ಬೀಳಬಾರದೆಂದರೆ ಮೈದಾನದ ಪಶ್ಚಿಮದ ಬದಿಯ ಸೀಟು ಕೇಳಿ.

ಈಗ ಮುಖ್ಯ ವಿಷಯ. ಮ್ಯಾಚ್ ಏಳಕ್ಕಾದರೆ ನೀವು ಆರೂ ಕಾಲಿಗೆ ಒಳಗಿರಬೇಕು. ಕೊಟ್ಟ ದುಡ್ಡಿನ ಅರ್ಧ ವಾರ್ಮಪ್ಪಿನಲ್ಲೇ ವಸೂಲಾಗುತ್ತದೆ.

ಮೊದಲು ಗೋಲ್‌ಕೀಪರುಗಳು ಬರುತ್ತಾರೆ, ಹಿಂದೆಯೇ ಉಳಿದವರು. ಓಡುವ ಮೊದಲು ಅವರು ಮಾಡುವುದನ್ನು ಮಗಳ ಜೊತೆ ನೋಡಿ: ಅಡ್ಡಡ್ಡ ಹೆಜ್ಜೆ, ಒಂಟಿ ಕಾಲಿನ ಮೇಲೆ ನೆಗೆದು ಅದೇ ಕಾಲಿನ ಮೇಲೆ ಇಳಿದು ಅಲುಗದೆ ನಿಲ್ಲುವುದು, ಓಟದಿಂದ ತಟ್ಟನೆ ನಿಂತು ದಿಕ್ಕು ಬದಲಿಸುವುದು. ಇಳಿಯುವಾಗ ಮಂಡಿ ಒಳಕ್ಕೆ ಬಾಗದೆ ಪಾದದ ನೇರಕ್ಕೆ ಇರುತ್ತದೆ. ಇದು ಶೋಕಿಗಲ್ಲ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಸಾಕರ್ ಆಡುವ ಹುಡುಗಿಯರಿಗೆ ಹುಡುಗರಿಗಿಂತ ಸ್ಪಷ್ಟವಾಗಿ ಹೆಚ್ಚು. ಎಷ್ಟೋ ಸಲ ಯಾರೂ ಡಿಕ್ಕಿ ಹೊಡೆದೇ ಇರುವುದಿಲ್ಲ. ನೆಗೆದು ಇಳಿಯುವಾಗಲೋ ತಿರುಗುವಾಗಲೋ ಮಂಡಿ ಒಳಕ್ಕೆ ಕುಸಿದು ಹರಿಯುತ್ತದೆ. ಮತ್ತೆ ಮೈದಾನಕ್ಕೆ ಇಳಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಗಿರ್ಮಾ ಕೂಡ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಇದೇ ಗಾಯದಿಂದ ಒಂದು ಸೀಸನ್ ಕಳೆದುಕೊಂಡಳು. ಈ ಅಪಾಯ ತಗ್ಗಿಸುವ ವಾರ್ಮಪ್ ಕ್ರಮಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ‘ಫಿಫಾ 11+’. ಹದಿನೈದು ವ್ಯಾಯಾಮ, ಸುಮಾರು ಇಪ್ಪತ್ತು ನಿಮಿಷ, ವಾರಕ್ಕೆ ಕಡೇಪಕ್ಷ ಎರಡು ಸಲ. ಪರಿಣಾಮ ಬರುವುದು ನಿಯಮಿತವಾಗಿ ಮಾಡಿದರೆ ಮಾತ್ರ. ನಮ್ಮಲ್ಲಿ ತಪ್ಪುವುದು ಎಲ್ಲಿ ಎಂದರೆ, ಮೀಟಿಂಗ್ ಮುಗಿಸಿ ಮಗಳನ್ನು ಹತ್ತು ನಿಮಿಷ ತಡವಾಗಿ ಇಳಿಸುತ್ತೇವೆ, ಅವಳು ವಾರ್ಮಪ್ ತಪ್ಪಿಸಿಕೊಂಡು ನೇರ ಆಟಕ್ಕೆ ಇಳಿಯುತ್ತಾಳೆ. ಕಾಲೇಜಿನ ದೊಡ್ಡ ದೊಡ್ಡ ಆಟಗಾರ್ತಿಯರೇ ಇದನ್ನು ಒಂದು ದಿನವೂ ಬಿಡುವುದಿಲ್ಲ ಎಂದು ಅವಳು ಕಣ್ಣಾರೆ ಕಂಡರೆ, ಮುಂದಿನ ವಾರ ಬೇಗ ಹೊರಡಿ ಎಂದು ಅವಳೇ ಗಂಟು ಬೀಳುತ್ತಾಳೆ.

ಆಮೇಲೆ ರೊಂಡೊ: ಐದಾರು ಜನ ವೃತ್ತವಾಗಿ ನಿಂತು ಚೆಂಡು ಸಾಗಿಸುತ್ತಾರೆ, ನಡುವಿನ ಇಬ್ಬರು ಕಸಿಯಲು ನೋಡುತ್ತಾರೆ. ಹೆಚ್ಚಿನವರು ಒಂದೇ ಸ್ಪರ್ಶದಲ್ಲಿ ಆಚೆ ಕಳಿಸುವುದನ್ನು ಗಮನಿಸಿ. ಚೆಂಡು ಬರುವ ಮೊದಲೇ ಎಲ್ಲಿಗೆ ಕಳಿಸಬೇಕೆಂದು ನಿರ್ಧಾರವಾಗಿರುತ್ತದೆ.

ಮ್ಯಾಚಿನಲ್ಲೂ ನೋಡಬೇಕಾದದ್ದು ಇದೇ, ಚೆಂಡು ಬರುವ ಮೊದಲು ನಡೆಯುವುದು. ಟಿವಿಯಲ್ಲಿ ಇದು ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮಗಳು ಮಿಡ್‌ಫೀಲ್ಡಿನಲ್ಲಿ ಆಡುವವಳಾದರೆ ಒಬ್ಬ ಮಿಡ್‌ಫೀಲ್ಡರನ್ನು ಆರಿಸಿ, ಹತ್ತು ನಿಮಿಷ ಅವಳನ್ನು ಮಾತ್ರ ನೋಡಲು ಹೇಳಿ. ಪಾಸು ತನ್ನ ಕಡೆ ಬರುವ ಮೊದಲು ಎಷ್ಟು ಸಲ ತಲೆ ತಿರುಗಿಸಿ ಬೆನ್ನ ಹಿಂದೆ ನೋಡುತ್ತಾಳೆ ಎಂದು ಎಣಿಸಲಿ. ಚೆಂಡು ಕಾಲಿಗೆ ತಾಗುವಾಗ ಅವಳ ಮೈ ಅರ್ಧ ತಿರುಗಿ, ಒಂದು ಭುಜ ಎದುರಾಳಿಯ ಗೋಲಿನ ಕಡೆಗಿರುತ್ತದೆ. ಮಕ್ಕಳ ಮ್ಯಾಚಿನಲ್ಲಿ ಇದಕ್ಕೆ ತದ್ವಿರುದ್ಧ: ಚೆಂಡನ್ನೇ ದಿಟ್ಟಿಸುತ್ತ ತನ್ನ ಗೋಲಿನ ಕಡೆ ಮುಖ ಮಾಡಿ ಪಾಸು ತೆಗೆದುಕೊಳ್ಳುತ್ತಾರೆ, ಹಿಂದಿನಿಂದ ಬಂದವಳು ಕಸಿದುಕೊಂಡು ಹೋಗುತ್ತಾಳೆ.

ಡಿಫೆನ್ಸ್ ಆಡುವವಳಾದರೆ ಸೆಂಟರ್ ಬ್ಯಾಕ್ (ಹಿಂದಿನ ಸಾಲಿನ ನಡುವಿನ ಡಿಫೆಂಡರ್) ನೋಡಲಿ, ಅದಕ್ಕಿಂತ ಹೆಚ್ಚಾಗಿ ಕೇಳಲಿ. ಕಾಲೇಜು ಮೈದಾನದಲ್ಲಿ ಮುಂದಿನ ಸಾಲಿನಲ್ಲಿ ಕೂತರೆ ಆಟಗಾರ್ತಿಯರ ಮಾತು ಸ್ಪಷ್ಟವಾಗಿ ಕೇಳುತ್ತದೆ. ಎಂಬತ್ತು ಸಾವಿರ ಜನರ ಸ್ಟೇಡಿಯಂನಲ್ಲಿ ಇದು ಸಿಗುವುದಿಲ್ಲ. ‘ಸ್ಟೆಪ್’ ಎಂದು ಕೂಗಿದಳೆಂದರೆ ಹಿಂದಿನ ನಾಲ್ವರೂ ಒಟ್ಟಿಗೆ ಐದಾರು ಗಜ ಮುಂದೆ ಬರುತ್ತಾರೆ. ಅದು ಎದುರಾಳಿ ಹಿಂದಕ್ಕೆ ಪಾಸು ಕೊಟ್ಟ, ಇಲ್ಲವೇ ಬೆನ್ನು ತಿರುಗಿಸಿದ ಕ್ಷಣ. ‘ಡ್ರಾಪ್’ ಎಂದರೆ ಎದುರಾಳಿ ತಲೆ ಎತ್ತಿ ಉದ್ದಕ್ಕೆ ಹೊಡೆಯಲು ಸಿದ್ಧಳಾಗಿದ್ದಾಳೆ, ಹಿಂದೆ ಸರಿಯಿರಿ ಎಂದು. ‘ಮ್ಯಾನ್ ಆನ್’ ಎಂದರೆ ಬೆನ್ನಿಗೆ ಯಾರೋ ಅಂಟಿದ್ದಾರೆ, ‘ಟೈಮ್’ ಎಂದರೆ ಯಾರೂ ಇಲ್ಲ, ನಿಧಾನಿಸು. ಒಬ್ಬಳು ಮುಂದೆ ಬಂದು ಇನ್ನೊಬ್ಬಳು ಹಿಂದೆಯೇ ಉಳಿದರೆ ಎದುರಾಳಿಗೆ ಆಫ್‌ಸೈಡ್ (ಪಾಸು ಹೊರಡುವಾಗ ಡಿಫೆನ್ಸ್ ಸಾಲನ್ನು ದಾಟಿ ಗೋಲಿನ ಹತ್ತಿರ ನಿಂತಿರುವ ತಪ್ಪು) ಬೀಳುವುದಿಲ್ಲ, ಗೋಲು ಬೀಳುತ್ತದೆ. ಮಾತಾಡದ ಡಿಫೆನ್ಸ್ ಎಷ್ಟು ಬೇಗ ಒಡೆಯುತ್ತದೆ ಎಂದು ನಾಚಿಕೆಯ ಹುಡುಗಿಗೆ ಕೋಚು ನೂರು ಸಲ ಹೇಳುವುದಕ್ಕಿಂತ ಇದನ್ನು ಒಮ್ಮೆ ಕೇಳಿಸುವುದು ಲೇಸು.

ಆಫ್‌ಸೈಡ್ ಎಂದೆವಲ್ಲ, ಅಪ್ಪಂದಿರಿಗೆ ಒಂದು ಮಾತು. ನೀವು ಸೆಂಟರ್ ಲೈನ್ ಬಳಿ ಕೂತು ‘ಆಫ್‌ಸೈಡ್ ರೆಫ್!’ ಎಂದು ಕೂಗುವಾಗ ನಿಮಗೆ ಅದು ಕಾಣುತ್ತಿರುವುದಿಲ್ಲ. ಅದು ಸರಿಯಾಗಿ ಕಾಣುವುದು ಗೋಲ್‌ಕೀಪರನ್ನೂ ಸೇರಿಸಿ ಗೋಲಿನ ಕಡೆಯಿಂದ ಎರಡನೆಯವಳ ನೇರಕ್ಕೆ ನಿಂತವರಿಗೆ ಮಾತ್ರ, ಲೈನ್ಸ್‌ಮನ್ ಅಲ್ಲೇ ಓಡಾಡುವುದು ಅದಕ್ಕೇ. ಲೆಕ್ಕಕ್ಕೆ ಬರುವುದು ಪಾಸು ಕಾಲಿನಿಂದ ಹೊರಟ ಗಳಿಗೆ, ತಲುಪಿದ ಗಳಿಗೆಯಲ್ಲ. ಸಮಸಮ ಇದ್ದರೆ ಆಫ್‌ಸೈಡ್ ಅಲ್ಲ; ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರ ಬಂದ ಚೆಂಡಿಗೂ ಇಲ್ಲ. ಮೊದಲ ಅರ್ಧದಲ್ಲಿ ಗೋಲಿನ ಹಿಂಬದಿಯ ಮೂಲೆಯಲ್ಲಿ ಸ್ವಲ್ಪ ಎತ್ತರದ ಸಾಲಿಗೆ ಹೋಗಿ ಕೂತರೆ ಆ ನಾಲ್ವರ ಸಾಲು ಹೇಗೆ ಹಿಗ್ಗಿ ಕುಗ್ಗುತ್ತದೆ ಎಂದು ಪೂರ್ತಿ ಕಾಣುತ್ತದೆ. ದ್ವಿತೀಯಾರ್ಧಕ್ಕೆ ಮುಂದಿನ ಸಾಲಿಗೆ ಬನ್ನಿ. ಸೀಟು ನಂಬರಿಲ್ಲದ ಟಿಕೆಟ್ ಇದ್ದರೆ ಯಾರೂ ಕೇಳುವುದಿಲ್ಲ.

ಕಾಲೇಜಿನ ನಿಯಮಗಳಲ್ಲಿ ಎರಡು ವ್ಯತ್ಯಾಸ ತಿಳಿದಿರಲಿ, ಇಲ್ಲವಾದರೆ ಗೊಂದಲ. ಒಂದು, ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತದೆ. ಗೋಲು, ಕಾರ್ಡು, ಪೆನಾಲ್ಟಿ ಬಂದಾಗ ಮತ್ತು ಗಾಯಕ್ಕೆ ರೆಫ್ರಿ ಸೂಚಿಸಿದಾಗ ನಿಲ್ಲುತ್ತದೆ. ಕೊನೆಗೆ ಸೇರಿಸುವ ‘ಇಂಜುರಿ ಟೈಮ್’ ಇಲ್ಲ. ಕೊನೆಯ ಹತ್ತು ಸೆಕೆಂಡು ಮೈಕಿನಲ್ಲಿ ಎಣಿಸುತ್ತಾರೆ. ಹಾರನ್ ಕೂಗುವ ಮೊದಲು ಚೆಂಡು ಪೂರ್ತಿ ಗೆರೆ ದಾಟಿರದಿದ್ದರೆ, ಗಾಳಿಯಲ್ಲಿದ್ದರೂ ಗೋಲಲ್ಲ. 2022ರ ಫೈನಲ್ಲಿನಲ್ಲಿ ಯುಸಿಎಲ್‌ಎ ಕೇವಲ 16 ಸೆಕೆಂಡು ಉಳಿದಿದ್ದಾಗ ಸಮ ಮಾಡಿಕೊಂಡು, ಆಮೇಲೆ ಹೆಚ್ಚುವರಿ ಸಮಯದಲ್ಲಿ ನಾರ್ತ್ ಕ್ಯಾರೊಲೈನಾವನ್ನು 3-2ರಿಂದ ಸೋಲಿಸಿತು. ಪಾರ್ಕಿಂಗ್ ರಶ್ಶಿಗೆ ಹೆದರಿ ಐದು ನಿಮಿಷ ಮೊದಲೇ ಏಳುವವರು ಇದನ್ನು ನೆನಪಿಡಿ.

ಇನ್ನೊಂದು, ಆಟಗಾರ್ತಿಯರ ಬದಲಾವಣೆ. ವಿಶ್ವಕಪ್ಪಿನಂತೆ ಐದಕ್ಕೆ ನಿಲ್ಲುವುದಿಲ್ಲ. ಮೊದಲ ಅರ್ಧದಲ್ಲಿ ಹೊರಗೆ ಬಂದವಳು ಆ ಅರ್ಧದಲ್ಲಿ ಮರಳಿ ಇಳಿಯುವಂತಿಲ್ಲ. ಎರಡನೆಯ ಅರ್ಧದಲ್ಲಿ ಹೊರಬಂದವಳು ಒಂದು ಸಲ ಮರಳಬಹುದು. ಹಾಗಾಗಿ ಇಪ್ಪತ್ತು-ಇಪ್ಪತ್ತೈದನೆಯ ನಿಮಿಷಕ್ಕೆ ಮೂರು ನಾಲ್ಕು ಜನ ಒಟ್ಟಿಗೆ ಬದಲಾಗುತ್ತಾರೆ. ಮುಂಚೂಣಿಯವರು ಎದುರಾಳಿಯ ಮೇಲೆ ಪೂರ್ತಿ ಬಲದಿಂದ ಬೀಳುತ್ತ ಓಡಿರುತ್ತಾರೆ, ಅವರ ಕಾಲು ಉಳಿಸುವುದೇ ಉದ್ದೇಶ. ‘ಚೆನ್ನಾಗಿ ಆಡಲಿಲ್ಲ, ಕೋಚು ತೆಗೆದುಬಿಟ್ಟರು’ ಎಂದು ಕಾರಿನಲ್ಲಿ ಮಗಳನ್ನು ವಿಚಾರಣೆ ಮಾಡುವ ಮನೆಗಳಲ್ಲಿ ಈ ಬದಲಾವಣೆಯನ್ನು ಒಟ್ಟಿಗೆ ಕೂತು ನೋಡುವುದು ಒಳ್ಳೆಯದು. ಹೊರಬಂದವಳನ್ನು ಬೆಂಚಿನವರೆಲ್ಲ ಎದ್ದು ಕೈ ತಟ್ಟಿ ಕೂರಿಸಿಕೊಳ್ಳುತ್ತಾರೆ.

ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ನಿಷೇಧ ಇರುವುದರಿಂದ ಇಷ್ಟೊಂದು ತಲೆ ಚೆಂಡನ್ನು ಅವರು ಮೊದಲ ಸಲ ಹತ್ತಿರದಿಂದ ನೋಡಬಹುದು. ಮನೆಗೆ ಬಂದು ಹಿತ್ತಲಲ್ಲಿ ಅನುಕರಿಸದಂತೆ ನೋಡಿಕೊಳ್ಳಿ.

ಮ್ಯಾಚ್ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಕಾದರೆ ಆಟಗಾರ್ತಿಯರು ಕಟಕಟೆಯ ಹತ್ತಿರ ಬರುವುದುಂಟು. ಶಾರ್ಪಿ ಪೆನ್ ಇಟ್ಟುಕೊಳ್ಳಿ, ಕಡುಬಣ್ಣದ ಜೆರ್ಸಿಗೆ ಬೆಳ್ಳಿ ಬಣ್ಣದ್ದು. ಆಟೋಗ್ರಾಫ್ ಮಗಳೇ ಕೇಳಲಿ. ನೀವು ಯಾವ ಮೇಜರ್ ಎಂದು ಬೇಕಾದರೆ ಕೇಳಿ, ಜಿಪಿಎ ಕೇಳಬೇಡಿ.

ಸ್ಕಾಲರ್‌ಶಿಪ್ ಆಸೆಯ ಬಗ್ಗೆಯೂ ಹೇಳಿಬಿಡುತ್ತೇವೆ, ಏಕೆಂದರೆ ಕೂಟದ ಊಟದ ಸಾಲಿನಲ್ಲಿ ಸಾಕರ್ ಮಾತು ಬೇಗ ಅಲ್ಲಿಗೇ ಹೋಗುತ್ತದೆ. ಮೇಲಿನ ಹಂತದ ಡಿವಿಜನ್ ಒಂದರಲ್ಲಿ ಬಹುಕಾಲ ಒಂದು ಮಹಿಳಾ ತಂಡಕ್ಕೆ ಒಟ್ಟು 14 ಪೂರ್ಣ ಸ್ಕಾಲರ್‌ಶಿಪ್ಪಿನಷ್ಟು ಹಣದ ಮಿತಿಯಿತ್ತು, ಅದನ್ನು ಇಪ್ಪತ್ತೈದು-ಮೂವತ್ತು ಜನರಿಗೆ ಹಂಚುತ್ತಿದ್ದರು. 2025-26ರಿಂದ ಹೊಸ ವ್ಯವಸ್ಥೆಗೆ ಒಪ್ಪಿದ ಕಾಲೇಜುಗಳಿಗೆ ಆ ಮಿತಿ ಹೋಗಿ ತಂಡದ ಗಾತ್ರಕ್ಕೆ 28ರ ಮಿತಿ ಬಂದಿದೆ. ಡಿವಿಜನ್ ಮೂರರಲ್ಲಿ ಕ್ರೀಡೆಗೆಂದು ಸ್ಕಾಲರ್‌ಶಿಪ್ಪೇ ಇಲ್ಲ. ಡಿವಿಜನ್ ಒಂದರ ಕೋಚುಗಳು ಹತ್ತನೆಯ ತರಗತಿ ಮುಗಿದ ಜೂನ್ 15ಕ್ಕೆ ಮೊದಲು ಮಕ್ಕಳ ಜೊತೆ ಆಯ್ಕೆಯ ಮಾತು ಆಡುವಂತಿಲ್ಲ. ಎಂಟನೆಯ ತರಗತಿಯ ಮಗಳ ಇಮೇಲಿಗೆ ಉತ್ತರ ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ಲೆಕ್ಕ ಹಾಕಿದರೆ ಕ್ಲಬ್ ಫೀಸನ್ನು ಬ್ಯಾಂಕಿನಲ್ಲಿಟ್ಟವರೇ ಗೆಲ್ಲುತ್ತಾರೆ. ಆಟ ಇಷ್ಟವಿದ್ದರೆ ಆಡಿಸಿ.

ಕೊನೆಯದಾಗಿ ಕಮಿಟಿಯವರ ಕೆಲಸ. ವೇಳಾಪಟ್ಟಿ ಬೇಸಿಗೆಯಲ್ಲಿ ಪ್ರಕಟವಾಗುತ್ತದೆ. ಅದು ಬಂದ ವಾರವೇ ಒಬ್ಬರು ಜವಾಬ್ದಾರಿ ಹೊತ್ತು ದಿನ ಗುರುತಿಸಲಿ. ಮ್ಯಾಚಿಗೆ ಆರು ವಾರ ಮೊದಲು ಕ್ರೀಡಾ ವಿಭಾಗದ ಟಿಕೆಟ್ ಕಚೇರಿಗೆ ಇಮೇಲ್ ಕಳಿಸಲಿ. ಗುಂಪು ಟಿಕೆಟ್ಟಿನ ದರ, ಕನಿಷ್ಠ ಎಷ್ಟು ಜನ ಬೇಕು, ದುಡ್ಡು ಕಟ್ಟಲು ಕೊನೆಯ ದಿನ ಯಾವುದು, ಈ ಮೂರನ್ನೂ ಒಂದೇ ಪತ್ರದಲ್ಲಿ ಕೇಳಲಿ. ಆಟಗಾರ್ತಿಯರ ಕೈ ಹಿಡಿದು ಮೈದಾನಕ್ಕೆ ಇಳಿಯುವ ಅವಕಾಶ, ಚೆಂಡು ಹೆಕ್ಕಿಕೊಡುವ ಕೆಲಸ ಮಕ್ಕಳಿಗೆ ಸಿಗುತ್ತದೆಯೇ ಎಂದೂ ವಿಚಾರಿಸಲಿ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಹೆಸರು ಕೊಡುವಾಗಲೇ ದುಡ್ಡು ವಸೂಲಿ ಮಾಡಿ. ‘ಬರ್ತೀವಿ’ ಎಂದು ವಾಟ್ಸ್ಯಾಪಿನಲ್ಲಿ ಹೆಬ್ಬೆರಳು ತೋರಿಸಿದವರನ್ನು ನಂಬಿ ಐವತ್ತು ಟಿಕೆಟ್ ಕೊಂಡರೆ ಇಪ್ಪತ್ತು ನಿಮ್ಮ ತಲೆಗೇ ಬರುತ್ತವೆ. ಮಕ್ಕಳು ತಮ್ಮ ತಮ್ಮ ಕ್ಲಬ್ ಜೆರ್ಸಿ ಹಾಕಿಕೊಂಡು ಬರಲಿ. ಕಾರಿಲ್ಲದ ಅಜ್ಜಿ-ತಾತಂದಿರನ್ನು ಯಾರು ಕರೆತರುತ್ತಾರೆ ಎಂಬುದು ಹಿಂದಿನ ಭಾನುವಾರದೊಳಗೆ ಗೊತ್ತಾಗಿರಲಿ. ಮುಂದಿನ ಕಮಿಟಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕೋರುತ್ತೇವೆ. ಇಮೇಲ್ ಬರೆಯಲು ಯಾರೂ ಮುಂದೆ ಬರದಿದ್ದರೆ ಆ ಕೆಲಸ ನಮಗೇ ವಹಿಸಿ.

ಇಂತಿ,
ಕಾಲೇಜು ಮಹಿಳಾ ಸಾಕರ್‌ನ ಕೆಲವು ಕನ್ನಡ ಅಭಿಮಾನಿಗಳು
ಸಾಂಟಾ ಕ್ಲಾರಾ ಕಣಿವೆ, ಕ್ಯಾಲಿಫೋರ್ನಿಯಾ